ಊರ ಗೊಬ್ಬರ ಊರಿಗೆ

18 ಜನವರಿ 2005, ಮಂಗಳವಾರ

ನಮ್ಮ ಮಹಿಳಾ ಸಂಘದ ಸಭೆಯಲ್ಲಿ ಎಲ್ಲರೂ ನನ್ನ ಹೆಸರನ್ನೇ ಹೇಳಿದರು. ನಮ್ಮೂರಿನ ಪಂಚಾಯಿತಿ ಸೀಟು ಈ ಸಲ ಹೆಂಗಸರಿಗೆ ಬಂದಿದೆ. "ನಾಗಲಕ್ಷ್ಮಿ ಪಿಯುಸಿ ಓದವ್ಳೆ, ಬಟ್ಟೆ ಒಲೀತಾ ಒಲೀತಾ ಊರೋರ ಕಷ್ಟನೆಲ್ಲ ಕೇಳವ್ಳೆ, ಅವಳೇ ನಿಂತ್ಕಳ್ಲಿ" ಅಂದರು. ನಾನು ಬೇಡ ಬೇಡ ಅಂದೆ. ಒಳಗೆ ಬೇಕು ಅನ್ನಿಸುತ್ತಿತ್ತು. ಆ 'ಬೇಡ' ಸುಳ್ಳು ಅಂತ ಇಲ್ಲಿಯಾದರೂ ಬರೆದಿಡಬೇಕು.

ಏನು ಹೇಳಿ ಓಟು ಕೇಳುವುದು ಅಂತ ಮಾತು ಬಂತು. ನನ್ನ ಬಾಯಲ್ಲಿ ತಾನೇ ತಾನಾಗಿ ಬಂತು, 'ಊರ ಗೊಬ್ಬರ ಊರಿಗೆ' ಅಂತ. ಪ್ರತಿ ಶನಿವಾರ ದೊಡ್ಡಬೀರಯ್ಯನ ಲಾರಿ ಮಾರಿಗುಡಿ ಮುಂದೆ ನಿಲ್ಲುತ್ತದೆ. ಊರ ಸಗಣಿಯನ್ನೆಲ್ಲ ದುಡ್ಡು ಕೊಟ್ಟು ತುಂಬಿಕೊಂಡು ವಯನಾಡಿಗೆ ಹೋಗುತ್ತದೆ, ಅಲ್ಲಿಯ ಶುಂಠಿ ಹೊಲಕ್ಕೆ, ಕಾಫಿ ತೋಟಕ್ಕೆ. ಈ ಸಗಣಿಗಾಗಿಯೇ ಹಾಲು ಕೊಡದ ನಾಟಿ ದನಗಳನ್ನು ಮನೆಮನೆಯಲ್ಲೂ ಕಟ್ಟಿದ್ದಾರೆ. ಬೆಳಿಗ್ಗೆ ಕಾಡಿಗೆ ಹೊಡೆಯುವುದು, ಸಾಯಂಕಾಲ ತಂದು ಕಟ್ಟುವುದು. ಕಾಡಂಚು ಬೋಳಾಯಿತು. ನಮ್ಮ ಹೊಲಕ್ಕೆ ಒಂದು ಮಂಕರಿ ಗೊಬ್ಬರ ಬೀಳದೆ ವರ್ಷಗಳಾದವು. ಯೂರಿಯಾ ಹಾಕಿ ಹಾಕಿ ಅರಿಶಿನದ ನೆಲ ಕಲ್ಲಾಗಿದೆ. ಸಗಣಿ ಊರಲ್ಲೇ ಉಳಿದರೆ ಒಲೆಗೆ ಗ್ಯಾಸೂ ಆಯಿತು, ಹೊಲಕ್ಕೆ ಗೊಬ್ಬರವೂ ಆಯಿತು. ಕಾಡಿಗೆ ಹೋಗದೆ ಮನೆಯಲ್ಲೇ ಮೇಯುವ ಒಂದೆರಡು ಒಳ್ಳೆ ಹಸು ಸಾಕು. ಇದನ್ನೆಲ್ಲ ಹೇಳಿದೆ. ಎಲ್ಲರಿಗೂ ಹಿಡಿಸಿತು.

ಪುಟ್ಟಬಸಕ್ಕ ಮಾತ್ರ ಏನೂ ಅನ್ನಲಿಲ್ಲ. ಹೊರಡುವಾಗ ಕೇಳಿದೆ. "ಮಾತು ಚೆನ್ನಾಗದೆ ಕಣವ್ವ. ಓಗಿ ದನ ಕಟ್ಟಬೇಕು, ಬತ್ತೀನಿ" ಅಂತ ಎದ್ದುಹೋದಳು. ಗಂಡನಿಲ್ಲದವಳು. ಅವಳ ಬದುಕು ಅವಳ ದನಗಳ ಸಗಣಿಯಲ್ಲೇ ನಡೆಯುವುದು. ಅದು ನನಗೆ ಮಾತಾಡುವಾಗ ನೆನಪಾಗಲಿಲ್ಲ. ಮಾತು ಮುಗಿದ ಮೇಲೆ ನೆನಪಾಯಿತು.

ಅತ್ತೆಗೆ ಇನ್ನೂ ಹೇಳಿಲ್ಲ.

30 ಜನವರಿ, ಭಾನುವಾರ

ಅತ್ತೆಗೆ ಬೇರೆಯವರಿಂದ ಗೊತ್ತಾಗಿದೆ. ಎರಡು ದಿನ ಮಾತು ಬಿಟ್ಟಿದ್ದರು. ಇವತ್ತು ತಟ್ಟೆ ಮುಂದೆ ಇಟ್ಟು, "ಓಟು ಅಂದ್ರೆ ಊರೋರ ಬಾಯಿಗೆಲ್ಲ ಬೀಳಬೇಕು ಕಣಮ್ಮಿ. ಬಿದ್ದಮ್ಯಾಲೆ ಅಳಬಾರದು" ಅಂದರು. ಅಷ್ಟೇ. ನಮ್ಮ ಮನೆಯವರು ಎಂದಿನ ಹಾಗೆ, "ನಿನ್ನಿಷ್ಟ" ಅಂದು ಈರುಳ್ಳಿಗೆ ನೀರು ಕಟ್ಟಲು ಹೋದರು.

ಪುಟ್ಟಬಸಕ್ಕನ ಮನೆಗೆ ಹೋದೆ. ಸಗಣಿ ಒಣಹಾಕಿ ಬಡಿಗೆಯಲ್ಲಿ ಪುಡಿ ಮಾಡುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತೆ. ನಾನು ಚಾಮರಾಜನಗರದಿಂದ ಮದುವೆಯಾಗಿ ಬಂದಾಗ ಸೌದೆ ಆಯುವುದಕ್ಕೂ ಬರುತ್ತಿರಲಿಲ್ಲ. ಯಾವ ದಾರಿಯಲ್ಲಿ ಹೋದರೆ ಆನೆ ಸಿಗುವುದಿಲ್ಲ, ಗಾರ್ಡು ಸಿಗುವುದಿಲ್ಲ ಅಂತ ತೋರಿಸಿಕೊಟ್ಟವಳು ಅವಳೇ.

"ಅಕ್ಕ, ಬೀರಯ್ಯನಿಗೆ ಸಗಣಿ ಕೊಡೋದು ನೀನು ನಿಲ್ಲಿಸಿದರೆ ನಾಲ್ಕು ಜನ ನೋಡಿ ನಿಲ್ಲಿಸ್ತಾರೆ" ಅಂದೆ.

"ನಿಲ್ಲಿಸಿ ಏನ ತಿನ್ನನ?"

"ಒಂದು ತಿಂಗಳು ಮಾತ್ರ. ಗೆದ್ದ ಮೇಲೆ ಊರಿಗೇ ಒಂದು ಗೊಬ್ಬರದ ಗುಂಡಿ ಮಾಡಿಸ್ತೀನಿ. ನಮ್ಮ ರೈತರೇ ಕೊಳ್ಳೋ ಹಾಗೆ ಮಾಡ್ತೀನಿ."

ತುಂಬ ಹೊತ್ತು ಸಗಣಿ ಬಡಿದಳು. ಆಮೇಲೆ, "ನೀ ಬಂದು ಕೇಳ್ಬುಟ್ಟೆ, ಇಲ್ಲ ಅನ್ನಕ್ಕೆ ಬಾಯಿ ಬರಕಿಲ್ಲ ನಂಗೆ" ಅಂದಳು.

ಅವಳು ಒಪ್ಪಿದ್ದು ಮಾತಿಗಲ್ಲ, ಮುಖಕ್ಕೆ. ಗೊತ್ತಿದ್ದೂ ಖುಷಿಯಾಗಿ ಮನೆಗೆ ಬಂದೆ.

9 ಫೆಬ್ರವರಿ, ಬುಧವಾರ

ಪಂಚಾಯಿತಿ ಆಫೀಸಿನಲ್ಲಿ ನಾಮಪತ್ರ ಕೊಟ್ಟೆ. ಹೊಲಿಗೆ ಯಂತ್ರದ ಗುರುತು ಕೇಳಿದ್ದೇನೆ. ನನ್ನ ಎದುರಿಗೆ ದೊಡ್ಡಬೀರಯ್ಯ ಹೆಂಡತಿ ಮಲ್ಲಿಗಮ್ಮನನ್ನು ನಿಲ್ಲಿಸಿದ್ದಾನೆ. ಆಯಮ್ಮ ಗಂಡನ ಹಿಂದೆ ಸೆರಗು ಹಿಡಿದು ನಿಂತಿದ್ದಳು. ಸಹಿ ಎಲ್ಲಿ ಅಂತ ಅವನು ಬೆರಳಿಟ್ಟು ತೋರಿಸಿದ.

ಬೀರಯ್ಯ ಎಲ್ಲರಿಗೂ ಕೈಮುಗಿದುಕೊಂಡು ಬರುತ್ತಾನೆ. ಏನು ಕೇಳಿದರೂ 'ನೋಡೋಣ, ಮಾಡಿಸೋಣ' ಅನ್ನುತ್ತಾನೆ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಹೌದು ಅಂದರೆ ಹೌದು, ಇಲ್ಲ ಅಂದರೆ ಇಲ್ಲ ಅನ್ನಬೇಕು ಮನುಷ್ಯ.

12 ಫೆಬ್ರವರಿ, ಶನಿವಾರ

ಗುಂಡ್ಲುಪೇಟೆಗೆ ಹೋಗಿದ್ದೆ. ಕರಪತ್ರ ಅಚ್ಚಿಗೆ ಕೊಟ್ಟು, ಅರಣ್ಯದವರು ಗ್ಯಾಸ್ ಒಲೆ ವಿಷಯಕ್ಕೆ ಸಂಘಗಳನ್ನು ಕರೆದಿದ್ದ ಸಭೆಗೆ ಹೋದೆ. ನನಗೆ ಮುಂದಿನ ಸಾಲಿನಲ್ಲಿ ಕುರ್ಚಿ ಕೊಟ್ಟರು. ಗೊಬ್ಬರದ ಬಗ್ಗೆ ಮಾತಾಡಿದೆ, ಚಪ್ಪಾಳೆ ಹೊಡೆದರು. ಸಭೆ ಮುಗಿದ ಮೇಲೆ ಅರಣ್ಯದ ಸಾಹೇಬರು ಕರೆದು ಟೀ ಕೊಡಿಸಿದರು.

"ನಿಮ್ಮಂಥವರು ಬರಬೇಕಮ್ಮ. ಆನೆ ಕಂದಕ ತೋಡಿ ಇಷ್ಟು ದಿನ ಆಯ್ತು, ಆದರೂ ನಿಮ್ಮೂರ ದನ ಒಳಗೆ ಹೇಗೆ ಬರ್ತವೆ ಅಂತಲೇ ನಮಗೆ ಗೊತ್ತಾಗ್ತಿಲ್ಲ" ಅಂದರು.

ನಾನು ಹೇಳಿಬಿಟ್ಟೆ. ಹಳ್ಳ ತಿರುಗುವಲ್ಲಿ ಕಂದಕದ ದಂಡೆ ಮಳೆಗೆ ಕುಸಿದಿದೆ, ಅಲ್ಲಿ ಕಲ್ಲು ಮಣ್ಣು ತುಂಬಿ ದಾರಿ ಮಾಡಿಕೊಂಡಿದ್ದಾರೆ ಅಂತ. ಅವರು ಬಲವಂತ ಮಾಡಲಿಲ್ಲ. ಎರಡನೇ ಸಲ ಕೇಳಲೂ ಇಲ್ಲ.

ಬಸ್ಸಿನಲ್ಲಿ ಬರುವಾಗ ತಪ್ಪೇನೂ ಇಲ್ಲ ಅನ್ನಿಸಿತು. ಕಾಡಿಗೆ ದನ ಹೋಗಬಾರದು ಅಂತ ಊರೆಲ್ಲ ಸಾರಿಕೊಂಡು ಬಂದವಳು ನಾನು. ಅದನ್ನೇ ಹೇಳಿದೆ. ಆದರೂ ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

16 ಫೆಬ್ರವರಿ, ಬುಧವಾರ

ಪುಟ್ಟಬಸಕ್ಕನ ಹಸು ಸತ್ತುಹೋಯಿತು.

ಬೆಳಿಗ್ಗೆ ಅರಣ್ಯದವರು ಬಂದು ಹಳ್ಳದ ತಿರುವಿನಲ್ಲಿ ಮಣ್ಣು ತೆಗೆಸಿ ಕಂದಕ ಮೊದಲಿನ ಹಾಗೆ ಮಾಡಿದರು. ಒಳಗೆ ಮೇಯುತ್ತಿದ್ದ ದನಗಳನ್ನು ಹೊರಗೆ ಹೊಡೆದರು. ಉಳಿದವು ರಸ್ತೆ ಕಡೆ ಓಡಿದವು. ಅವಳ ಹಸು ಮಾತ್ರ ದಿನವೂ ಬರುವ ದಾರಿ ಅಂತ ಹಳ್ಳದ ಕಡೆಗೇ ಓಡಿ ಬಂದಿದೆ. ದಾರಿ ಇರಲಿಲ್ಲ. ಕಂದಕಕ್ಕೆ ಬಿತ್ತು. ಗಬ್ಬದ ಹಸು. ಊರವರು ಹಗ್ಗ ತರುವ ಹೊತ್ತಿಗೆ ಜೀವ ಹೋಗಿತ್ತು.

ನಾನು ಹೋದಾಗ ಪುಟ್ಟಬಸಕ್ಕ ಕಂದಕದೊಳಗೇ ಕೂತಿದ್ದಳು. ನನ್ನನ್ನು ನೋಡಿ, "ಹಸ ಓದಮ್ಯಾಲೂ ಕರ ಒಳಗೆ ಆಡ್ತಿತ್ತು ಕಣವ್ವ. ಕೈಯಿಟ್ಟು ನೋಡ್ದೆ" ಅಂದಳು. ಅಳಲಿಲ್ಲ. ಕೈಹಿಡಿದು ಮೇಲೆ ಹತ್ತಿಸಿಕೊಂಡೆ.

ಆ ದಾರಿಯನ್ನು ನನಗೆ ತೋರಿಸಿಕೊಟ್ಟಿದ್ದು ಅವಳು.

17 ಫೆಬ್ರವರಿ, ಗುರುವಾರ

ಊರಲ್ಲೆಲ್ಲ ಬೀರಯ್ಯನೇ ಚಾಡಿ ಹೇಳಿದ್ದು ಅಂತ ಆಗಿದೆ. ಪುಟ್ಟಬಸಕ್ಕ ಸಗಣಿ ಕೊಡುವುದು ನಿಲ್ಲಿಸಿದಳಲ್ಲ, ಆ ಹೊಟ್ಟೆಕಿಚ್ಚಿಗೆ ಫಾರೆಸ್ಟಿನವರಿಗೆ ದಾರಿ ತೋರಿಸಿದ ಅಂತ. ಯಾರು ಮೊದಲು ಅಂದರೋ ಗೊತ್ತಿಲ್ಲ. ನಾನಂತೂ ಅನ್ನಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ನಮ್ಮ ಮನೆಯವರಿಗೆ ಎಲ್ಲ ಹೇಳಿದೆ. "ಈಗ ಯೋಳುದ್ರೆ ಹಸ ಬದುಕ್ತದಾ? ಓಟು ಮುಗೀಲಿ. ಆಮ್ಯಾಕೆ ನೀನೇ ಓಗಿ ಯೋಳು" ಅಂದರು.

ಸರಿ ಅನ್ನಿಸಿತು. ಗೆದ್ದರೆ ಅವಳಿಗೆ ಏನಾದರೂ ಮಾಡಬಹುದು. ಸೋತರೆ ಏನು ಮಾಡಲಿ?

20 ಫೆಬ್ರವರಿ, ಭಾನುವಾರ

ಪುಟ್ಟಬಸಕ್ಕ ನನ್ನ ಜೊತೆ ಮನೆಮನೆಗೂ ಬರುತ್ತಿದ್ದಾಳೆ. ನಾನು ಕರೆಯಲಿಲ್ಲ, ಅವಳೇ ಬಂದಳು. ಕರಪತ್ರ ಕೊಡುವುದು ನಾನು. ಅವಳು ಬಾಗಿಲಲ್ಲಿ ನಿಂತು, "ನನ್ನ ಹಸೀನ ಮುಖ ನೋಡ್ಕಂಡು ನಾಗಲಕ್ಷ್ಮಿಗೆ ಒತ್ರವ್ವ" ಅನ್ನುತ್ತಾಳೆ. ಅಷ್ಟೇ ಸಾಕು. ನಾನು ಒಂದು ತಿಂಗಳು ಗೊಬ್ಬರ, ಭೂಮಿ, ಕಾಡು ಅಂತ ಹೇಳಿದ್ದಕ್ಕೆ ತಲೆಯಾಡಿಸಿದವರು ಈಗ ಕಣ್ಣು ಒರೆಸಿಕೊಳ್ಳುತ್ತಾರೆ.

ಬೀದಿ ಮುಗಿದ ಮೇಲೆ ಅವಳ ಕಾಲು ನೋಯುತ್ತದೆ ಅಂತ ನಮ್ಮ ಮನೆಗೆ ಕರೆದು ಬಿಸಿನೀರು ಕಾಯಿಸಿಕೊಟ್ಟೆ. ಅತ್ತೆ ನನ್ನನ್ನೇ ನೋಡುತ್ತಿದ್ದರು. ಮನೆಯವರು ಅವರಿಗೆ ಹೇಳಿರಬಹುದು.

22 ಫೆಬ್ರವರಿ, ಮಂಗಳವಾರ

ಮಲ್ಲಿಗಮ್ಮ ಬಂದಿದ್ದಳು. ಹೊಲಿಯಲು ಕೊಟ್ಟಿದ್ದ ರವಿಕೆ ತೆಗೆದುಕೊಂಡು ಹೋಗುವುದು ನೆಪ. ಹೊಸಿಲು ದಾಟದೆ ನಿಂತು ಹೇಳಿದಳು.

"ನಾಗಲಕ್ಷ್ಮಕ್ಕ, ನಮ್ಮೆಜಮಾನ್ರು ಯೋಳ್ನಿಲ್ಲ. ಮಕ್ಕಳಾಣೆ. ನೀರಿನ ತೊಂಬೆ ತಾವ ನಾನು ಬಿಂದಿಗೆ ಇಟ್ರೆ ಎಲ್ರೂ ಬಿಂದಿಗೆ ಎತ್ಕಂಡು ಓಯ್ತಾರೆ. ನಂಗೆ ಈ ಓಟೂ ಬ್ಯಾಡ, ಸೀಟೂ ಬ್ಯಾಡ. ನೀವು ಒಂದ್ಮಾತು ಯೋಳುದ್ರೆ ಕೇಳ್ತಾರೆ. ಅವ್ರಲ್ಲ ಅನ್ನಿ, ಸಾಕು."

ನಾನು ಏನು ಹೇಳಿದೆ? "ನೋಡೋಣ ಮಲ್ಲಿಗಮ್ಮ" ಅಂದೆ. ಅವಳು ಕೈಮುಗಿದು ಹೋದಳು.

27 ಫೆಬ್ರವರಿ, ಭಾನುವಾರ

ಓಟಾಯಿತು. ಪುಟ್ಟಬಸಕ್ಕ ಎಲ್ಲರಿಗಿಂತ ಮೊದಲು ಸಾಲಿನಲ್ಲಿ ನಿಂತಿದ್ದಳು. ನನಗೆ ಸೋತರೆ ಒಳ್ಳೆಯದು ಅಂತ ಒಂದು ಗಳಿಗೆ ಅನ್ನಿಸಿತು. ಒಂದೇ ಗಳಿಗೆ.

2 ಮಾರ್ಚ್, ಬುಧವಾರ

ಗೆದ್ದೆ. ಬಹಳ ಅಂತರದಲ್ಲಿ.

ಹಾರ ಹಾಕಲು ಬಂದವರಲ್ಲಿ ಪುಟ್ಟಬಸಕ್ಕನೂ ಇದ್ದಳು. ಕಟ್ಟಿದ ಸೇವಂತಿಗೆಯನ್ನು ನನ್ನ ತಲೆಗೆ ಮುಡಿಸಿದಳು. ನನಗೆ ಅಳು ಬಂತು. ಸಂತೋಷಕ್ಕೆ ಅಂತ ಎಲ್ಲರೂ ತಿಳಿದರು. ಇವತ್ತೇ ಹೇಳಬೇಕು ಅಂತಿದ್ದೆ. ಇಂಥ ದಿನ ಹೇಗೆ ಹೇಳುವುದು?

24 ಮಾರ್ಚ್, ಗುರುವಾರ

ಅಧ್ಯಕ್ಷ ಸ್ಥಾನ ಮಹಿಳಾ ಮೀಸಲು ಆಗಿದ್ದರಿಂದ ಸದಸ್ಯರೆಲ್ಲ ಸೇರಿ ನನ್ನನ್ನೇ ಆರಿಸಿದರು. ಕೆಲಸ ಬಹಳ. ಬೀರಯ್ಯನ ಲಾರಿ ಬರುವುದು ನಿಂತಿದೆ. ಅವನಿಗೆ ಸಗಣಿ ಕೊಡುವುದಕ್ಕೆ ಜನ ನಾಚಿಕೊಳ್ಳುತ್ತಾರೆ. ಊರ ಗೊಬ್ಬರದ ಗುಂಡಿಗೆ ಜಾಗ ಪರಿಶೀಲನೆ ಆಗಿದೆ. ಗೋಬರ್ ಗ್ಯಾಸಿಗೆ ಫಲಾನುಭವಿಗಳ ಆಯ್ಕೆಯಲ್ಲಿ ಪುಟ್ಟಬಸಮ್ಮನ ಹೆಸರು ಮೊದಲು ಬರುವಂತೆ ನೋಡಿಕೊಂಡೆ. ಅವಳ ಹಿತ್ತಲಲ್ಲಿ ಗುಂಡಿ ತೋಡಿದ್ದಾರೆ.

ಮನೆಯವರು ನಕ್ಕರು. "ದಾರಿ ಮುಚ್ಚೋಯ್ತಲ್ಲ, ಮೇವಿಲ್ಲ ಅಂತ ಅವಳು ಉಳಿದ ದನನೂ ತೆರಕಣಾಂಬಿ ಸಂತೇಲಿ ಮಾರ್ಬುಟ್ಟವ್ಳೆ. ದನ ಇಲ್ದ ಮನೇಗೆ ಗೋಬರ್ ಗ್ಯಾಸಾ?"

ನನಗೆ ಗೊತ್ತಿರಲಿಲ್ಲ. ಮುಂದೆ ಸಾಲದ ಮೇಲೆ ಒಂದು ಒಳ್ಳೆ ಹಸು ಕೊಡಿಸಿದರಾಯಿತು, ನೋಡೋಣ ಅಂದೆ. ಬೇಜಾರಾಗಿದ್ದು ಅದಕ್ಕಲ್ಲ. ದನ ಮಾರಿದ್ದನ್ನು ಅವಳು ನನಗೆ ಹೇಳಲೇ ಇಲ್ಲವಲ್ಲ ಅಂತ. ನಾನೂ ಅವಳ ಮನೆ ಕಡೆ ಹೋಗಿ ಎಷ್ಟು ದಿನವಾಯಿತು.

9 ಏಪ್ರಿಲ್, ಶನಿವಾರ

ಚಾಮರಾಜನಗರದಲ್ಲಿ ಹೊಸ ಸದಸ್ಯರಿಗೆ ತರಬೇತಿ. ಹಾಲ್ ತುಂಬ ಜನ. ನನ್ನ ಅನುಭವ ಹೇಳಿ ಅಂದರು. ಊರ ಗೊಬ್ಬರದ ವಿಷಯ ಹೇಳಿದೆ. ಒಬ್ಬರು, "ದನ ಕಾಡಿಗೆ ಹೋಗೋದನ್ನ ಹೇಗೆ ನಿಲ್ಲಿಸಿದಿರಿ ಮೇಡಂ? ನಮ್ಮೂರಲ್ಲಿ ಆಗ್ತಾನೇ ಇಲ್ಲ" ಅಂತ ಕೇಳಿದರು. "ಜನರಿಗೆ ತಿಳಿವಳಿಕೆ ಕೊಟ್ಟೆವು, ಜೊತೆಗೆ ಇಲಾಖೆಯ ಸಹಕಾರ ಪಡೆದೆವು. ಕಂದಕ ಎಲ್ಲಿ ಒಡೆದಿದೆ ಅಂತ ನಾನೇ ಅವರಿಗೆ ತಿಳಿಸಿ ಸರಿ ಮಾಡಿಸಿದೆ" ಅಂದೆ. ತುಂಬ ಚಪ್ಪಾಳೆ ಬಂತು.

ತವರುಮನೆಗೆ ಹೋಗಿ ಬರಬೇಕಿತ್ತು, ಹೊತ್ತಾಯಿತು ಅಂತ ಹೋಗಲಿಲ್ಲ. ಅವ್ವ ಕಾಯುತ್ತಿದ್ದಳೇನೋ. ಅದೇ ಕೊರೆಯುತ್ತಿದೆ.

13 ಏಪ್ರಿಲ್, ಬುಧವಾರ

ದೊಡ್ಡಬೀರಯ್ಯ ಮನೆಗೆ ಬಂದಿದ್ದ. ಕೂಗಾಡಲಿಲ್ಲ. ಕುರ್ಚಿಯಲ್ಲಿ ಕೂತು ಅತ್ತೆಯ ಕೈಯಿಂದ ಕಾಫಿ ಇಸಿದುಕೊಂಡು ಕುಡಿದ.

"ನಗರದ ಮೀಟಿಂಗಲ್ಲಿ ನಮ್ಮ ಭಾಮೈದನೂ ಇದ್ದ ಕಣಮ್ಮ. ಅವನೂ ಅವರೂರಿಂದ ಗೆದ್ದವ್ನೆ. ನೀವು ಮಾತಾಡಿದ್ದ ಬಂದು ಯೋಳ್ದ. ಬಾಳ ಚೆನ್ನಾಗಿ ಮಾತಾಡುದ್ರಂತೆ."

ಲೋಟ ಕೆಳಗಿಟ್ಟ.

"ನಾನು ಊರಲ್ಲಿ ಯಾರ್ಗೂ ಯೋಳಕ್ಕಿಲ್ಲ. ಆದದ್ದಾಯ್ತು. ನನ್ನ ಲಾರಿ ಶನಿವಾರ ಬತ್ತದೆ. ನೀವು ಅಡ್ಡ ಬರ್ಬ್ಯಾಡಿ, ಅಷ್ಟೇಯ."

"ನೋಡೋಣ" ಅಂದೆ.

ಅವನು ಹೋದ ಮೇಲೆ ಅತ್ತೆ ಲೋಟ ತೊಳೆಯುತ್ತ, "ನೀನೂ ಅಂವನಂಗೇ ಮಾತಾಡ್ತೀಯಲ್ಲಮ್ಮಿ" ಅಂದರು. ಯಾವುದಕ್ಕೆ ಅಂದರೋ.

16 ಏಪ್ರಿಲ್, ಶನಿವಾರ

ಲಾರಿ ಬಂತು. ಮಾರಿಗುಡಿ ಮುಂದೆ ನಿಂತಿತು. ಕೆಲವರು ನಮ್ಮ ಮನೆ ಕಡೆ ನೋಡಿದರು. ನಾನು ಒಳಗಿದ್ದೆ.

23 ಏಪ್ರಿಲ್, ಶನಿವಾರ

ಮತ್ತೆ ಬಂತು. ತುಂಬಿಕೊಂಡು ಹೋಯಿತು. ಅಧ್ಯಕ್ಷರೇ ಸುಮ್ಮನಿದ್ದಾರೆ ಅಂತ ಈಗ ಯಾರಿಗೂ ನಾಚಿಕೆಯಿಲ್ಲ. ಸಂಘದ ಹೆಂಗಸರು ಬಂದು ಕೇಳಿದರು. ಬಿಸಿಲು ಕಮ್ಮಿಯಾಗಲಿ, ಗುಂಡಿ ಕೆಲಸ ಶುರುವಾಗಲಿ ಅಂತ ಏನೇನೋ ಹೇಳಿ ಕಳಿಸಿದೆ.

ನೀರಿಗೆ ಹೋದಾಗ ಮಲ್ಲಿಗಮ್ಮ ಸಿಕ್ಕಿದಳು. ನಾನು ಅಧ್ಯಕ್ಷೆ ಅಂತ ನನಗೆ ಜನ ಮೊದಲು ಜಾಗ ಬಿಡುತ್ತಾರೆ. ಅವಳು ಎಲ್ಲರದೂ ಆಗಲಿ ಅಂತ ದೂರ ಬಿಸಿಲಲ್ಲಿ ನಿಂತಿದ್ದಳು. ಹಸು ಸತ್ತು ಎರಡು ತಿಂಗಳಾದರೂ ಅವಳ ಪಾಲಿನ ಶಿಕ್ಷೆ ಮುಗಿದಿಲ್ಲ. ಗಂಡ ನನ್ನ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಲಾರಿ ಇತ್ತು. ಅವಳಿರಲಿಲ್ಲ. ನಾನೂ ಅವಳನ್ನು ನೆನೆಯಲಿಲ್ಲ.

ಇಷ್ಟು ದಿನ ಪುಟ್ಟಬಸಕ್ಕನಿಗೆ ಮಾತ್ರ ತಪ್ಪು ಮಾಡಿದೆ ಅಂದುಕೊಂಡಿದ್ದೆ.

5 ಮೇ, ಗುರುವಾರ

ಶಾಲೆ ಮೈದಾನದಲ್ಲಿ ಗ್ರಾಮಸಭೆ. ಬೆಳಿಗ್ಗೆಯಿಂದ ಅನ್ನ ಸೇರಲಿಲ್ಲ. ಮನೆಯವರಿಗೆ ಹೇಳಿದೆ, ಇವತ್ತು ಹೇಳಿಬಿಡುತ್ತೇನೆ ಅಂತ. "ಯೋಳ್ಲೇಬೇಕಾ?" ಅಂದರು. ಅತ್ತೆ, "ಯೋಳ್ಲಿ ಬುಡ್ಲಾ" ಅಂತ ಮಗನನ್ನು ಗದರಿ ನನ್ನ ಸೀರೆಯ ನೆರಿಗೆ ಸರಿಮಾಡಿದರು.

ಸೆಕ್ರೆಟರಿ ಕನಕರಾಜು ಹಿಂದಿನ ಸಭೆಯ ನಡವಳಿ ಓದಿ ಕೂತರು. ನಾನು ಎದ್ದೆ. ಬರೆದುಕೊಂಡು ಹೋಗಿರಲಿಲ್ಲ. "ಹಳ್ಳದ ದಾರಿ ಫಾರೆಸ್ಟಿನವರಿಗೆ ಹೇಳಿದ್ದು ದೊಡ್ಡಬೀರಯ್ಯ ಅಲ್ಲ. ನಾನು. ಗುಂಡ್ಲುಪೇಟೆ ಮೀಟಿಂಗಿನಲ್ಲಿ ನಾನೇ ಹೇಳಿದೆ. ಪುಟ್ಟಬಸಕ್ಕನ ಹಸು ಸತ್ತಿದ್ದು ನನ್ನ ಮಾತಿನಿಂದ. ನೀವು ಬೀರಯ್ಯ ಅಂತ ತಿಳಿದಿದ್ದು ನನಗೆ ಗೊತ್ತಿತ್ತು. ಓಟಿಗೋಸ್ಕರ ಸುಮ್ಮನಿದ್ದೆ" ಅಂದೆ.

ಬೈಯುತ್ತಾರೆ, ಎದ್ದು ಹೋಗುತ್ತಾರೆ ಅಂದುಕೊಂಡಿದ್ದೆ. ಮುಂದೆ ಕೂತಿದ್ದ ಪುಟ್ಟಮಾದಪ್ಪ, "ಆಯ್ತು ಬುಡಿ ಅಧ್ಯಕ್ಷರೆ. ನಮ್ಮ ಬೀದಿ ಚರಂಡಿ ಇಷ್ಯಕ್ಕೆ ಬನ್ನಿ" ಅಂದರು. ಇನ್ನಿಬ್ಬರು ಹೌದು ಹೌದು ಅಂದರು. ಎಲ್ಲರಿಗೂ ನನ್ನಿಂದ ಏನೋ ಒಂದು ಕೆಲಸ ಆಗಬೇಕಿತ್ತು.

ಆಗ ಮಲ್ಲಿಗಮ್ಮ ಎದ್ದು ನಿಂತಳು. ಅವಳ ಗಂಡ ಕೂತ್ಕ ಅಂತ ಕೈ ತೋರಿಸಿದ. ಕೂರಲಿಲ್ಲ. "ಚರಂಡಿ ಆಮ್ಯಾಲಾಗ್ಲಿ" ಅಂದಳು. "ನಾ ಬಂದು ಕೇಳ್ದಾಗ ಇದೇ ಮಾತ ಯೋಳಿದ್ರೆ, ನಾನೇ ನಿಮಗೆ ಓಟು ಒತ್ತಿರೋಳು ಅಕ್ಕ." ಆಮೇಲೆ ಹೆಂಗಸರ ಕಡೆ ತಿರುಗಿ, "ನೀವು ಕೇಳುಸ್ಕಂಡ್ರಲ್ಲ, ಅಷ್ಟು ಸಾಕು" ಅಂದು ಸಭೆ ಬಿಟ್ಟು ಹೋದಳು.

ಸಗಣಿ ಊರಲ್ಲೇ ಇರಬೇಕು ಅನ್ನುವ ಠರಾವನ್ನು ನಾನೇ ಇಟ್ಟೆ. ಬೀರಯ್ಯನ ಹಂಗು ಇನ್ನಿರಲಿಲ್ಲ. ಒಪ್ಪುವವರು ಕೈ ಎತ್ತಿ ಅಂದೆ. ಸಂಘದವರಲ್ಲಿ ಅರ್ಧ ಜನ ಎತ್ತಿದರು. ಮಿಕ್ಕವರು ನೆಲ ನೋಡಿದರು. ಬಿದ್ದುಹೋಯಿತು. ನಾಲ್ಕು ತಿಂಗಳು ಊರೆಲ್ಲ ತಿರುಗಿ ಹೇಳಿದ ಮಾತು ಅದು. ಮಾತು ಸರಿಯಾಗಿಯೇ ಇತ್ತು. ಈಗಲೂ ಸರಿಯಾಗಿಯೇ ಇದೆ. ಹೇಳಿದವಳನ್ನು ನಂಬಲಾಗಲಿಲ್ಲ, ಅಷ್ಟೇ.

ಪುಟ್ಟಬಸಕ್ಕ ಹಿಂದೆ ಹೊಂಗೆ ಮರದ ಕೆಳಗೆ ಕೂತಿದ್ದಳು. ಕೈ ಎತ್ತಲಿಲ್ಲ. ನೆಲವನ್ನೂ ನೋಡಲಿಲ್ಲ.

6 ಮೇ, ಶುಕ್ರವಾರ

ಸಾಯಂಕಾಲ ಅವಳ ಮನೆಗೆ ಹೋದೆ. ಹಿತ್ತಲಲ್ಲಿ ಗ್ಯಾಸಿನ ಗುಂಡಿ ಹಾಗೇ ಬಾಯಿ ಬಿಟ್ಟುಕೊಂಡಿದೆ. ಕೋಳಿ ಬೀಳುತ್ತವೆ ಅಂತ ಮುಳ್ಳು ಮುಚ್ಚಿದ್ದಾಳೆ. ಕೊಟ್ಟಿಗೆ ಗುಡಿಸಿ ಸೌದೆ ಒಟ್ಟಿದ್ದಾಳೆ. ಈಗ ಶುಂಠಿ ಕೆಲಸಕ್ಕೆ ವಯನಾಡಿಗೆ ಹೋಗುವ ಜೀಪಿನಲ್ಲಿ ಅವಳೂ ಹೋಗುತ್ತಾಳಂತೆ. ಊರ ಗೊಬ್ಬರ ಹೋಗುತ್ತಿದ್ದ ದಾರಿಯಲ್ಲೇ.

ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಂಡಿದ್ದೆ. ಅವಳ ಬಾಗಿಲಲ್ಲಿ ಒಂದೂ ಬರಲಿಲ್ಲ. "ಅಕ್ಕ, ನಿನಗೇ ಮೊದಲು ಹೇಳಬೇಕಿತ್ತು" ಅಂದೆ.

"ಗೊತ್ತಿತ್ತು ಬುಡಿ" ಅಂದಳು. "ಕಂದಕದಲ್ಲಿ ಕೂತಿದ್ದಾಗ್ಲೇ ಗಾರ್ಡು ಯೋಳ್ದ. ನಿಮ್ಮೂರ ಒಲಿಗೆಯಮ್ಮ ಯೋಳುದ್ರು ಅಂತ."

"ಮತ್ತೆ ನನ್ನ ಜೊತೆ ಮನೆಮನೆಗೆ ಬಂದೆಯಲ್ಲ?"

"ನೀವು ಇವತ್ತು ಯೋಳ್ತೀರಿ, ನಾಳೀಕೆ ಯೋಳ್ತೀರಿ ಅನ್ಕಂಡು ಬಂದೆ. ಒಂದೊಂದು ಬಾಗ್ಲಲ್ಲೂ ಹಸೀನ ಮಾತ ಎತ್ತಿ ನಿಮ್ಮ ಮಕ ನೋಡ್ತಿದ್ದೆ."

ನಾನು ನಿಂತೇ ಇದ್ದೆ. ಅವಳು ಕೂಗಿ ಹೇಳಿ ಪಕ್ಕದ ಮನೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿದಳು. ಸೆರಗಿನಲ್ಲಿ ಒರೆಸಿ ಜಗಲಿಯ ಮೇಲೆ ಇಟ್ಟಳು.

"ಬನ್ನಿ ಅಧ್ಯಕ್ಷರೆ, ಕೂತ್ಕಳಿ" ಅಂದಳು.

ನಾನು ಕೂತೆ. ಅವಳು ನಿಂತುಕೊಂಡೇ ಇದ್ದಳು.